ಎಂಟು ಮೈಲಿ ಎತ್ತರದ ಹಾಡು: ಒಂದು ಧ್ವನಿಮುದ್ರಿಕೆಯ ಬಿಡುಗಡೆ ಮತ್ತು ಅದಕ್ಕೆ ಅಂಟಿದ ಹಣೆಪಟ್ಟಿ

ನಾನು ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುತ್ತಿದ್ದಾಗ, ಕಾರಿನ ರೇಡಿಯೋದಲ್ಲಿ ಒಂದು ಹಳೆಯ ಹಾಡು ಬಂದಿತು. ಮೊದಲು ಬಾಸ್ ಗಿಟಾರಿನ ಒಂದು ಗಂಭೀರ ನಡೆ; ಅದರ ಮೇಲೆ ತಾಳವಾದ್ಯದ ಝೇಂಕಾರ; ಬಳಿಕ ಇದ್ದಕ್ಕಿದ್ದಂತೆ ದಿಕ್ಕು ತಪ್ಪಿದ ಹಕ್ಕಿಗಳ ಹಿಂಡಿನಂತೆ ಚೆಲ್ಲಾಪಿಲ್ಲಿಯಾಗಿ ಹಾರುವ ಗಿಟಾರಿನ ಸ್ವರಗಳು. ಅನಂತರ ಮೂವರು ಒಟ್ಟಾಗಿ ಹಾಡತೊಡಗಿದರು. ಪದಗಳೆಲ್ಲ ನನಗೆ ತಿಳಿಯಲಿಲ್ಲ. ಆದರೆ ವಿಮಾನದಿಂದ ಇಳಿದು, ಮಳೆ ಹಿಡಿದ ಪರಕೀಯ ಊರೊಂದರಲ್ಲಿ ನಿಂತವರ ಮಾತು ಎಂಬಷ್ಟು ತಿಳಿಯಿತು. ನಾನೇ ಆ ಸ್ಥಿತಿಯಲ್ಲಿದ್ದುದರಿಂದ ಅದು ತಕ್ಷಣ ಮನಸ್ಸಿಗೆ ತಟ್ಟಿತು.

ಹಾಡು ಮುಗಿದ ಮೇಲೆ ನಿರೂಪಕ ಒಂದೇ ಮಾತಿನಲ್ಲಿ ಅದರ ಪರಿಚಯ ಮಾಡಿದ: ಇದು ಬರ್ಡ್ಸ್ ತಂಡದ 'ಎಯ್ಟ್ ಮೈಲ್ಸ್ ಹೈ', ಮಾದಕ ವಸ್ತುಗಳ ಹಾಡೆಂದು ರೇಡಿಯೋ ಕೇಂದ್ರಗಳು ಕೈಬಿಟ್ಟ ಹಾಡು. ನಾನು ಕೇಳಿದ್ದಕ್ಕೂ ಆತ ಹೇಳಿದ್ದಕ್ಕೂ ಹೊಂದಿಕೆಯಾಗಲಿಲ್ಲ. ಈ ಎರಡು ಓದುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯ ಬೆನ್ನುಹತ್ತಿ, ವೈದ್ಯವೃತ್ತಿಯ ಬಿಡುವಿನಲ್ಲಿ ಹಲವು ವರ್ಷ ಓದಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ತಂಡ ಮತ್ತು ಕಾಲ

ಬರ್ಡ್ಸ್ ತಂಡ 1964ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೂಪುಗೊಂಡಿತು. ಹನ್ನೆರಡು ತಂತಿಯ ಗಿಟಾರ್ ನುಡಿಸುತ್ತಿದ್ದ ಜಿಮ್ ಮೆಕ್‌ಗ್ವಿನ್ (ಮುಂದೆ ರಾಜರ್ ಎಂದು ಹೆಸರು ಬದಲಿಸಿಕೊಂಡರು), ತಂಡದ ಮುಖ್ಯ ಗೀತರಚನಕಾರ ಜೀನ್ ಕ್ಲಾರ್ಕ್, ಡೇವಿಡ್ ಕ್ರಾಸ್ಬಿ, ಬಾಸ್ ಗಿಟಾರಿನ ಕ್ರಿಸ್ ಹಿಲ್‌ಮನ್ ಹಾಗೂ ಡ್ರಮ್ಸ್ ನುಡಿಸುವ ಮೈಕಲ್ ಕ್ಲಾರ್ಕ್, ಹೀಗೆ ಐವರು. ಇಂಗ್ಲಿಷಿನಲ್ಲಿ ಒಂದಕ್ಷರ ಬದಲಿಸಿ ಬರೆದರೂ ತಂಡದ ಹೆಸರಿನ ಉಚ್ಚಾರಣೆ 'ಹಕ್ಕಿಗಳು' ಎಂಬ ಪದದ್ದೇ. ಬಾಬ್ ಡಿಲನ್ ರಚಿಸಿದ 'ಮಿಸ್ಟರ್ ಟ್ಯಾಂಬರೀನ್ ಮ್ಯಾನ್' ಗೀತೆಯನ್ನು ವಿದ್ಯುತ್ ವಾದ್ಯಗಳಿಗೆ ಹೊಂದಿಸಿ ಅವರು ಹಾಡಿದ ಮುದ್ರಿಕೆ 1965ರಲ್ಲಿ ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಅದೇ ವರ್ಷದ ಕೊನೆಗೆ 'ಟರ್ನ್! ಟರ್ನ್! ಟರ್ನ್!' ಕೂಡ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು.

ಇಂದಿನ ಕಿರಿಯ ಓದುಗರಿಗಾಗಿ ಒಂದು ವಿವರಣೆ ಅಗತ್ಯ. 'ಸಿಂಗಲ್' ಎಂದರೆ ನಿಮಿಷಕ್ಕೆ 45 ಸುತ್ತು ತಿರುಗುವ, ಏಳು ಅಂಗುಲ ಅಗಲದ, ಬದಿಗೊಂದು ಹಾಡುಳ್ಳ ತಟ್ಟೆ. ರೇಡಿಯೋದಲ್ಲಿ ಹಾಡು ಬರಬೇಕು, ಕೇಳಿದ ಹದಿಹರೆಯದವರು ಅಂಗಡಿಗೆ ಹೋಗಿ ಕೊಳ್ಳಬೇಕು. ಹಾಡೊಂದು ಜನರನ್ನು ತಲುಪುತ್ತಿದ್ದ ಮುಖ್ಯ ಮಾರ್ಗ ಅದೇ. ಆದುದರಿಂದ ರೇಡಿಯೋ ಕೇಂದ್ರದ ಕಾರ್ಯಕ್ರಮ ನಿರ್ದೇಶಕ ಬೇಡವೆಂದರೆ ಸಿಂಗಲ್‌ನ ಆಯುಷ್ಯ ಕುಂಠಿತವಾಗುತ್ತಿತ್ತು.

ಲಂಡನ್ ಪ್ರಯಾಣ

1965ರ ಆಗಸ್ಟ್ ತಿಂಗಳಲ್ಲಿ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟಿತು. ಬೀಟಲ್ಸ್ ತಂಡಕ್ಕೆ ಅಮೆರಿಕ ಕೊಟ್ಟ ಉತ್ತರ ಎಂಬ ಅಬ್ಬರದ ಪ್ರಚಾರ ಅವರಿಗಿಂತ ಮೊದಲೇ ಅಲ್ಲಿ ತಲುಪಿತ್ತು. ಆದರೆ ಕಛೇರಿಗಳು ಆ ನಿರೀಕ್ಷೆಯ ಮಟ್ಟಕ್ಕೇರಲಿಲ್ಲ. ಪತ್ರಿಕೆಗಳು ಕಟುವಾಗಿ ಬರೆದವು. ಸಾಲದ್ದಕ್ಕೆ, ಅದೇ ಉಚ್ಚಾರಣೆಯ ಹೆಸರಿದ್ದ ಇಂಗ್ಲಿಷ್ ತಂಡವೊಂದು ಹೆಸರಿನ ಹಕ್ಕಿಗಾಗಿ ಕಾನೂನು ನೋಟೀಸು ನೀಡಿತು. ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ತಂಡದವರ ಸ್ನೇಹ ದೊರೆತದ್ದಷ್ಟೇ ಆ ಪ್ರವಾಸದ ಲಾಭ.

'ಎಯ್ಟ್ ಮೈಲ್ಸ್ ಹೈ' ಗೀತೆಯ ವಸ್ತು ಈ ಪ್ರಯಾಣ. ಎತ್ತರದಲ್ಲಿ ಹಾರಿ ಬಂದು ನೆಲ ಮುಟ್ಟಿದ ಬಳಿಕ ಕಾಣುವ ಊರು, ಅಲ್ಲಿಯ ಬೀದಿಗಳು, ಮಳೆ, ಗುಂಪುಗೂಡಿದ ಮುಖಗಳು, ಅವುಗಳ ನಡುವೆ ತಮ್ಮ ಪಾಡಿಗೆ ನಿಂತವರ ಅಪರಿಚಿತತನ, ಇಷ್ಟೇ ಅದರ ಚಿತ್ರಗಳು. ಆ ಕಾಲದ ಜೆಟ್ ವಿಮಾನಗಳು ಸಾಮಾನ್ಯವಾಗಿ ಆರರಿಂದ ಏಳು ಮೈಲಿ ಎತ್ತರದಲ್ಲಿ ಹಾರುತ್ತಿದ್ದವು. ಎಂಟು ಮೈಲಿ ಎಂದರೆ 42,000 ಅಡಿಗೂ ಮಿಗಿಲು. ಮೊದಲು ಆರು ಎಂದೇ ಇದ್ದು, ಕಿವಿಗೆ ಹಿತವೆಂದೂ ಬೀಟಲ್ಸ್ ತಂಡದ 'ಎಯ್ಟ್ ಡೇಸ್ ಎ ವೀಕ್' ನೆನಪಿನಿಂದಲೂ ಎಂಟು ಮಾಡಿದೆವು ಎಂದು ಕ್ಲಾರ್ಕ್ ಮುಂದೆ ಹೇಳಿದರು. ರಚನೆಯ ಗೌರವ ಕ್ಲಾರ್ಕ್, ಮೆಕ್‌ಗ್ವಿನ್, ಕ್ರಾಸ್ಬಿ ಮೂವರಿಗೂ ಸಂದಿದೆ. ಯಾರ ಪಾಲು ಎಷ್ಟೆಂಬ ಬಗ್ಗೆ ಅವರೊಳಗೇ ಭಿನ್ನಾಭಿಪ್ರಾಯವಿತ್ತು. ಸಾಹಿತ್ಯದ ಬಹುಭಾಗ ತಮ್ಮದೆಂಬುದು ಕ್ಲಾರ್ಕ್ ಅವರ ನಿಲುವಾಗಿತ್ತು.

ಬಸ್ಸಿನಲ್ಲಿ ಸುತ್ತಿದ ಟೇಪು

ಸಂಗೀತದ ಮೂಲ ಬೇರೆ ದಿಕ್ಕಿನಿಂದ ಬಂತು. 1965ರ ನವೆಂಬರಿನಲ್ಲಿ ತಂಡ ಅಮೆರಿಕದೊಳಗೆ ಬಸ್ಸಿನಲ್ಲಿ ಪ್ರವಾಸ ಮಾಡುತ್ತಿತ್ತು. ಕ್ರಾಸ್ಬಿ ತಂದಿದ್ದ ಒಂದೇ ಟೇಪು ಹಗಲೂ ರಾತ್ರಿ ಓಡುತ್ತಿತ್ತು. ಅದರ ಒಂದು ಬದಿಯಲ್ಲಿ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್. ಇನ್ನೊಂದು ಬದಿಯಲ್ಲಿ ಪಂಡಿತ ರವಿಶಂಕರ್. ಕೋಲ್ಟ್ರೇನ್ ಅವರ 'ಇಂಪ್ರೆಶನ್ಸ್' ಸಂಪುಟದಲ್ಲಿ 'ಇಂಡಿಯಾ' ಎಂಬ ಕೃತಿಯಿದೆ. 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಮುದ್ರಿತವಾದದ್ದು. ಅದರ ಆರಂಭದ ನಾಲ್ಕು ಸ್ವರಗಳ ಪದಗುಚ್ಛವನ್ನೇ ಮೆಕ್‌ಗ್ವಿನ್ ತಮ್ಮ ಗಿಟಾರಿನ ಮೊದಲ ಹಾರಾಟಕ್ಕೆ ಆಧಾರವಾಗಿ ಇರಿಸಿಕೊಂಡರು. ಇದನ್ನು ಅವರು ಮರೆಮಾಚಲಿಲ್ಲ. ಕೋಲ್ಟ್ರೇನ್‌ಗೆ ಸಲ್ಲಿಸಿದ ಗೌರವವೆಂದೇ ಹೇಳಿಕೊಂಡರು.

ನಾನು ಧಾರವಾಡದವನು. ಮಲ್ಲಿಕಾರ್ಜುನ ಮನಸೂರರ ಗಾಯನ ಕೇಳಲು ತಂದೆಯವರ ಕೈಹಿಡಿದು ಹೋಗುತ್ತಿದ್ದ ಹುಡುಗನಿಗೆ 'ಇಂಡಿಯಾ' ಎಂಬ ಹೆಸರಿನ ಜಾಝ್ ಕೃತಿಯಲ್ಲಿ ಭಾರತೀಯವಾದದ್ದು ಏನು ಎಂಬ ಕುತೂಹಲ ಸಹಜ. ಕೇಳಿದರೆ ಅಲ್ಲಿ ಹೆಸರಿಸಬಹುದಾದ ರಾಗವಿಲ್ಲ. ಆದರೆ ಎರಡು ಬಾಸ್ ವಾದ್ಯಗಳು ತಂಬೂರಿಯ ಕೆಲಸ ಮಾಡುತ್ತವೆ: ಒಂದು ಆಧಾರ ಸ್ವರವನ್ನು ಬಿಡದೆ ಹಿಡಿದಿಡುತ್ತವೆ. ಮೇಲಿನ ವಾದ್ಯ ಆ ನೆಲದಿಂದ ಎದ್ದು ಸುತ್ತಾಡಿ ಮತ್ತೆ ಅಲ್ಲಿಗೇ ಮರಳುತ್ತದೆ. ಕೋಲ್ಟ್ರೇನ್‌ಗೆ ರವಿಶಂಕರರ ಮೇಲೆ ಎಷ್ಟು ಗೌರವವಿತ್ತೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟರು.

ಮೆಕ್‌ಗ್ವಿನ್ ಈ ಪಾಠವನ್ನು ತಮ್ಮ ವಾದ್ಯಕ್ಕೆ ತಂದರು. ಹಾಡಿನಲ್ಲಿ ಸಿತಾರ್ ಇಲ್ಲವೇ ಇಲ್ಲ. ಇರುವುದು ರಿಕನ್‌ಬಾಕರ್ ಕಂಪನಿಯ ಹನ್ನೆರಡು ತಂತಿಯ ವಿದ್ಯುತ್ ಗಿಟಾರ್. ಗಿಟಾರಿನ ಸ್ವರ ಮೀಟಿದ ಕೂಡಲೇ ಕುಂದುತ್ತದೆ. ಸ್ಯಾಕ್ಸೊಫೋನಿನದು ಉಸಿರಿರುವ ತನಕ ನಿಲ್ಲುತ್ತದೆ. ಧ್ವನಿಯ ಏರಿಳಿತವನ್ನು ಒತ್ತಿ ಸಮಗೊಳಿಸುವ 'ಕಂಪ್ರೆಶನ್' ತಂತ್ರದಿಂದ ಅವರು ಗಿಟಾರಿನ ಸ್ವರವನ್ನು ಉದ್ದಗೊಳಿಸಿ, ಊದುವಾದ್ಯದ ನಡೆಯನ್ನು ಅದರಿಂದ ಪಡೆದರು.

ಇದು ರಾಗವೇ? ಅಲ್ಲ. ರಾಗಕ್ಕೆ ಆರೋಹ ಅವರೋಹಗಳು, ವಾದಿ ಸಂವಾದಿಗಳು, ತನ್ನದೇ ಆದ ಚಲನೆ ಇರುತ್ತವೆ. ಅದು ಬಿಚ್ಚಿಕೊಳ್ಳಲು ಸಮಯ ಬೇಕು. ಮೂರೂವರೆ ನಿಮಿಷದ ಈ ಹಾಡಿನಲ್ಲಿ ಸ್ವರಮೇಳಗಳು ಬದಲಾಗುತ್ತಲೇ ಇರುತ್ತವೆ. ಆದರೂ ತಂಡದ ಪ್ರಚಾರ ವಿಭಾಗ 1966ರ ಮಾರ್ಚ್ ತಿಂಗಳಲ್ಲಿ 'ರಾಗ ರಾಕ್' ಎಂಬ ಹೆಸರನ್ನು ಹರಿಯಬಿಟ್ಟಿತು. ಪತ್ರಿಕಾಗೋಷ್ಠಿಯಲ್ಲಿ ಹಾಡಿನಲ್ಲಿಲ್ಲದ ಸಿತಾರನ್ನು ಪ್ರದರ್ಶಿಸಲಾಯಿತು. ಹಾಡಿಗೆ ಅಂಟಿದ ಮೊದಲ ಹಣೆಪಟ್ಟಿ ಇದು. ಅದನ್ನು ಅಂಟಿಸಿದವರು ಅದರವರೇ.

ಎರಡು ಸಲ ಮುದ್ರಣ

1965ರ ಡಿಸೆಂಬರ್ 22ರಂದು ಲಾಸ್ ಏಂಜಲೀಸ್‌ನ ಆರ್‌ಸಿಎ ಸ್ಟುಡಿಯೋದಲ್ಲಿ ಹಾಡು ಮೊದಲ ಸಲ ಮುದ್ರಿತವಾಯಿತು. ಆದರೆ ತಂಡ ಒಪ್ಪಂದ ಮಾಡಿಕೊಂಡಿದ್ದುದು ಕೊಲಂಬಿಯಾ ಕಂಪನಿಯೊಡನೆ. ಪ್ರತಿಸ್ಪರ್ಧಿಯ ಸ್ಟುಡಿಯೋದಲ್ಲಿ ಮುದ್ರಿಸಿದ್ದನ್ನು ಅದು ಬಿಡುಗಡೆ ಮಾಡಲೊಪ್ಪಲಿಲ್ಲ. 1966ರ ಜನವರಿ 24 ಮತ್ತು 25ರಂದು ಕೊಲಂಬಿಯಾದ ಸ್ಟುಡಿಯೋದಲ್ಲಿ ಮತ್ತೆ ನುಡಿಸಬೇಕಾಯಿತು. ಮೊದಲ ಮುದ್ರಣವೇ ಹೆಚ್ಚು ಸಹಜವೆಂದು ಕ್ರಾಸ್ಬಿ ಮತ್ತು ಮೆಕ್‌ಗ್ವಿನ್ ಹೇಳುತ್ತಿದ್ದರು. ಅದು ಶ್ರೋತೃಗಳಿಗೆ ದೊರೆತದ್ದು 1987ರಲ್ಲಿ. ಎರಡನ್ನೂ ಒಟ್ಟಿಗೆ ಕೇಳಿದ ನನಗೆ ಎರಡನೆಯದರಲ್ಲಿ ಹಿಡಿತ ಹೆಚ್ಚು, ಮೊದಲನೆಯದರಲ್ಲಿ ಧಾವಂತ ಹೆಚ್ಚು ಎನಿಸುತ್ತದೆ.

ಬಿಡುಗಡೆ ಮತ್ತು ಬಹಿಷ್ಕಾರ

1966ರ ಮಾರ್ಚ್ 14ರಂದು ಸಿಂಗಲ್ ಬಿಡುಗಡೆಯಾಯಿತು; ಹಿಂಬದಿಯಲ್ಲಿ 'ವೈ' ಎಂಬ ಗೀತೆ. ಆರಂಭದಲ್ಲಿ ಅದು ಮಾರಾಟದ ಪಟ್ಟಿಯಲ್ಲಿ ಮೇಲೇರುತ್ತಿತ್ತು. ಏಪ್ರಿಲ್ ಕೊನೆಯಲ್ಲಿ 'ಗ್ಯಾವಿನ್ ರಿಪೋರ್ಟ್' ಎಂಬ ವಾರಪತ್ರ ಒಂದು ಸಲಹೆ ನೀಡಿತು. ಇದು ಸಾರ್ವಜನಿಕರ ಪತ್ರಿಕೆಯಲ್ಲ. ಯಾವ ಹಾಡು ನಡೆಯುತ್ತದೆ, ಯಾವುದು ನಡೆಯದು ಎಂದು ರೇಡಿಯೋ ಕೇಂದ್ರಗಳಿಗೆ ತಿಳಿಸುತ್ತಿದ್ದ ವೃತ್ತಿಪತ್ರ. ಮಾದಕ ವಸ್ತುಗಳ ಸೂಚನೆಯಿರುವ ಕಾರಣ ಈ ಹಾಡನ್ನು ಪ್ರಸಾರ ಮಾಡಬಾರದೆಂದು ಅದು ಹೇಳಿತು. ಹಲವು ಕೇಂದ್ರಗಳು ಪಾಲಿಸಿದವು.

ಆರೋಪಕ್ಕೆ ಮುಖ್ಯ ಆಧಾರ 'ಹೈ' ಎಂಬ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಎತ್ತರವೆಂಬ ಅರ್ಥವೂ ಇದೆ, ಅಮಲೇರಿದ ಸ್ಥಿತಿ ಎಂಬ ಅರ್ಥವೂ ಇದೆ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ನಮ್ಮಲ್ಲೂ ಅಮಲು 'ಏರುತ್ತದೆ', 'ಇಳಿಯುತ್ತದೆ', 'ನೆತ್ತಿಗೇರುತ್ತದೆ'. ಎತ್ತರವನ್ನೂ ನಶೆಯನ್ನೂ ಒಂದೇ ಮೆಟ್ಟಿಲಲ್ಲಿ ಅಳೆಯುವುದು ಎರಡು ಭಾಷೆಗಳಿಗೂ ಸಾಮಾನ್ಯ.

ಕಾಲವೂ ಅನುಮಾನಕ್ಕೆ ಅನುಕೂಲವಾಗಿತ್ತು. 'ಸೈಕೆಡೆಲಿಕ್' ಎಂಬ ಪದವನ್ನು ಸೃಷ್ಟಿಸಿದವರು ಸಂಗೀತಗಾರರಲ್ಲ, ಮನೋವೈದ್ಯರು ಎಂಬುದನ್ನು ನನ್ನ ವೃತ್ತಿಯವರೇ ಎಷ್ಟೋ ಮಂದಿ ಅರಿಯರು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ಮನೋವೈದ್ಯ ಹಂಫ್ರಿ ಆಸ್ಮಂಡ್, ಲೇಖಕ ಆಲ್ಡಸ್ ಹಕ್ಸ್ಲಿ ಅವರೊಡನೆ 1956ರಲ್ಲಿ ನಡೆಸಿದ ಪತ್ರವ್ಯವಹಾರದಲ್ಲಿ ಗ್ರೀಕ್ ಮೂಲದಿಂದ ಅದನ್ನು ರಚಿಸಿದರು. 'ಮನಸ್ಸನ್ನು ಪ್ರಕಟಗೊಳಿಸುವ' ಎಂದು ಅರ್ಥ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದ ಎಲ್‌ಎಸ್‌ಡಿ ಆಗ ಸಂಶೋಧನೆಯ ವಸ್ತುವಾಗಿತ್ತು. ಹಾಡು ಬಿಡುಗಡೆಯಾದ ದಿನ ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಸ್‌ಡಿ ಇಟ್ಟುಕೊಳ್ಳುವುದು ಅಪರಾಧವಾಗಿರಲಿಲ್ಲ. ಏಪ್ರಿಲ್‌ನಲ್ಲಿ ಸ್ಯಾಂಡೋಜ್ ಸಂಸ್ಥೆ ಅಮೆರಿಕಕ್ಕೆ ಅದರ ಪೂರೈಕೆಯನ್ನು ನಿಲ್ಲಿಸಿತು; ಅಕ್ಟೋಬರ್ 6ರಂದು ಕ್ಯಾಲಿಫೋರ್ನಿಯಾದ ನಿಷೇಧ ಜಾರಿಗೆ ಬಂದಿತು. ಅಂದರೆ ಸಮಾಜದ ಧೋರಣೆ ಬದಲಾಗುತ್ತಿದ್ದ ತಿಂಗಳುಗಳಲ್ಲೇ ಈ ಹಾಡು ಜನರ ಮುಂದೆ ಬಂದಿತ್ತು.

ತಂಡದವರು ಆರೋಪವನ್ನು ಬಲವಾಗಿ ಅಲ್ಲಗಳೆದರು: ಇದು ವಿಮಾನಯಾನದ ಹಾಡು, ಲಂಡನ್ನಿನ ಹಾಡು ಎಂದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹಾಡು 14ನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ 24ನೆಯ ಸ್ಥಾನಕ್ಕೂ ಏರಿ ನಿಂತಿತು. ಇದರ ನಂತರ ಬರ್ಡ್ಸ್ ತಂಡದ ಯಾವ ಸಿಂಗಲ್ಲೂ ಅಮೆರಿಕದ ಮೊದಲ ಇಪ್ಪತ್ತರೊಳಗೆ ಬರಲಿಲ್ಲ.

ಕಾರಣ ಯಾವುದು?

ಬಹಿಷ್ಕಾರದಿಂದಲೇ ಹಾಡು ಸೋತಿತು ಎಂಬುದು ಬಹುಕಾಲ ಪ್ರಚಲಿತವಾಗಿದ್ದ ವಿವರಣೆ. ಮೊದಲು ಒಂದು ಘಟನೆ, ಬಳಿಕ ಇನ್ನೊಂದು. ಆದ್ದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂಬ ತರ್ಕ ಎಷ್ಟು ಅಪಾಯಕರವೆಂಬುದನ್ನು ವೈದ್ಯರಿಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಹೋಲಿಸಿ ನೋಡಲು ಇನ್ನೊಂದು ಪ್ರಕರಣ ಬೇಕು. ಅದೃಷ್ಟವಶಾತ್ ಇಲ್ಲಿ ಅದು ಇದೆ. ಗ್ಯಾವಿನ್ ರಿಪೋರ್ಟ್ ಅದೇ ಕಾರಣಕ್ಕಾಗಿ ಬಾಬ್ ಡಿಲನ್ ಅವರ 'ರೇನಿ ಡೇ ವಿಮೆನ್' ಸಿಂಗಲ್ಲನ್ನೂ ದೂರವಿಡಲು ಹೇಳಿತ್ತು. ಕಲ್ಲೆಸೆತಕ್ಕೂ ಅಮಲಿಗೂ ಹೊಂದುವ ಒಂದೇ ಇಂಗ್ಲಿಷ್ ಪದದ ಮೇಲೆ ನಿಂತ ಆ ಹಾಡಿನಲ್ಲಿ ದ್ವಂದ್ವಾರ್ಥ ಇನ್ನೂ ಢಾಳಾಗಿತ್ತು. ಅದು 2ನೆಯ ಸ್ಥಾನದವರೆಗೆ ಹೋಯಿತು.

ಆದುದರಿಂದ ಇತ್ತೀಚೆಗೆ ಸಂಶೋಧಕರು ಬೇರೆ ಕಾರಣಗಳತ್ತಲೂ ಬೆರಳು ಮಾಡಿದ್ದಾರೆ. ಡಿಲನ್ನರ ಹಾಡನ್ನು ಗುಂಪಾಗಿ ಕೂಗಿ ಹಾಡಬಹುದು. 'ಎಯ್ಟ್ ಮೈಲ್ಸ್ ಹೈ' ಹಾಗಲ್ಲ. ಒಮ್ಮೆ ಕೇಳಿ ಗುನುಗುವಂತಹ ಪಲ್ಲವಿ ಅದಕ್ಕಿಲ್ಲ. ನಡುವಿನ ಗಿಟಾರ್ ವಾದನ ಅಂದಿನ ಕಿವಿಗಳಿಗೆ ಕರ್ಕಶವೆನಿಸಿದ್ದರೆ ಆಶ್ಚರ್ಯವಿಲ್ಲ. ಬಿಡುಗಡೆಯ ಹೊತ್ತಿಗೆ ತಂಡದ ಮುಖ್ಯ ಗೀತರಚನಕಾರನೇ ಹೊರನಡೆದಿದ್ದರಿಂದ ಪ್ರಚಾರಕ್ಕೂ ಧಕ್ಕೆಯಾಯಿತು. ಬಹಿಷ್ಕಾರ ಗಾಯವನ್ನು ಹೆಚ್ಚಿಸಿರಬಹುದು, ಅದೊಂದೇ ಗಾಯವಾಗಿರಲಿಲ್ಲ.

ಯಾರ ಮಾತು ನಿಜ?

ಇಲ್ಲಿಗೆ ನಿಲ್ಲಿಸಿದ್ದರೆ ಇದು ಅಮಾಯಕ ಹಾಡೊಂದರ ಮೇಲೆ ಬಂದ ಸುಳ್ಳು ಆರೋಪದ ಕಥೆಯಾಗುತ್ತಿತ್ತು. ಆದರೆ ವರ್ಷಗಳು ಕಳೆದ ಮೇಲೆ ಕ್ರಾಸ್ಬಿಯೂ ಕ್ಲಾರ್ಕ್‌ರೂ ಮಾತು ಬದಲಿಸಿದರು. ಮಾದಕ ವಸ್ತುಗಳ ಅನುಭವವೂ ಆ ಹಾಡಿನೊಳಗಿತ್ತು ಎಂದು ಒಪ್ಪಿಕೊಂಡರು. ಹಾಗೆಂದು ವಿಮಾನಯಾನದ ವಿವರಣೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಎರಡೂ ಇತ್ತು ಎಂಬುದು ಕ್ಲಾರ್ಕ್ ಅವರ ಮಾತಿನ ಸಾರ.

ಇದನ್ನು ಓದಿದಾಗ ನನ್ನ ತರಬೇತಿಯ ಕಾಲದ ಒಂದು ರಾತ್ರಿ ನೆನಪಾಯಿತು. ನಡುವಯಸ್ಸಿನ ಒಬ್ಬರನ್ನು ವಿಮಾನ ನಿಲ್ದಾಣದಿಂದ ತುರ್ತು ವಿಭಾಗಕ್ಕೆ ತಂದಿದ್ದರು. ಮೈ ಬೆವರುತ್ತಿತ್ತು, ಕೈ ನಡುಗುತ್ತಿತ್ತು, ನಾಡಿ ಓಡುತ್ತಿತ್ತು, ಉಸಿರಿನಲ್ಲಿ ಮದ್ಯದ ವಾಸನೆ. ನನಗಿಂತ ಮೊದಲು ನೋಡಿದವರು 'ಮದ್ಯವ್ಯಸನ' ಎಂದು ಬರೆದಿದ್ದರು. ನಾನು ಆ ಪದವನ್ನು ಓದಿದೆ, ರೋಗಿಯನ್ನು ಓದಲಿಲ್ಲ. ಕುಡಿತ ನಿಂತಾಗ ತಲೆದೋರುವ ತೊಡಕುಗಳಿಗಾಗಿ ರಾತ್ರಿಯಿಡೀ ಕಾದೆ, ಒಂದೂ ಬರಲಿಲ್ಲ. ಬೆಳಿಗ್ಗೆ, ನಿಲ್ದಾಣದಲ್ಲಿ ಏನಾಯಿತು ಎಂದು ಕೇಳಿದಾಗ ಅವರು ತಲೆ ತಗ್ಗಿಸಿ ಹೇಳಿದರು: ವಿಮಾನವೆಂದರೆ ಪ್ರಾಣಭಯ; ತಾಯಿಯ ಅಂತ್ಯಕ್ರಿಯೆಗೆ ಹೋಗಲೇಬೇಕಿತ್ತು; ಧೈರ್ಯಕ್ಕೆಂದು ಎರಡು ಲೋಟ ಕುಡಿದೆ; ಆದರೂ ಬಾಗಿಲವರೆಗೆ ಹೋಗಿ ಕುಸಿದೆ. ಕುಡಿದದ್ದು ನಿಜವೇ. ಅವರನ್ನು ಆಸ್ಪತ್ರೆಗೆ ತಂದದ್ದು ಮಾತ್ರ ಅದಲ್ಲ. ಸಂಜೆಯೇ ಆ ಪ್ರಶ್ನೆ ಕೇಳಿದ್ದರೆ ಬೇರೆ ದಾರಿಯಿಂದಾದರೂ ಅವರನ್ನು ಊರಿಗೆ ಕಳುಹಿಸಬಹುದಿತ್ತೇನೋ. ಅಂತ್ಯಕ್ರಿಯೆ ಅಂದು ಬೆಳಿಗ್ಗೆಯೇ ಇತ್ತು.

ಗ್ಯಾವಿನ್ ರಿಪೋರ್ಟ್ ಪೂರ್ತಿ ತಪ್ಪಾಗಿತ್ತೆಂದು ಈಗ ನಾನು ಹೇಳಲಾರೆ. ತಂಡದ ಅಂದಿನ ನಿರಾಕರಣೆ ಪೂರ್ತಿ ಪ್ರಾಮಾಣಿಕವಾಗಿತ್ತೆಂದೂ ಹೇಳಲಾರೆ. ವರದಿ ಕಂಡದ್ದು ಹಾಡಿನಲ್ಲಿ ಇದ್ದದ್ದನ್ನೇ. ಆದರೆ ಒಂದು ಪದ ಕಂಡ ಕೂಡಲೇ ಉಳಿದ ಪದಗಳನ್ನು ನೋಡುವುದನ್ನು ಬಿಟ್ಟಿತು. ಮಳೆ, ಬೀದಿ, ಗುರುತಿಲ್ಲದ ಮುಖಗಳು ಹಾಡಿನಲ್ಲೇ ಇದ್ದರೂ ಲೆಕ್ಕಕ್ಕೆ ಬರಲಿಲ್ಲ.

ರವಿಶಂಕರರಿಗೂ ಇದೇ ಬಗೆಯ ನೋವು ಕಾದಿತ್ತು. 'ರಾಗ' ಎಂಬ ಪದ ಈ ಬಗೆಯ ಹಾಡುಗಳ ಜೊತೆ ಸೇರಿದ ಬಳಿಕ, ಭಾರತೀಯ ಸಂಗೀತವೆಂದರೆ ಅಮಲಿನಲ್ಲಿ ಕೇಳತಕ್ಕದ್ದು ಎಂಬ ಭಾವನೆ ಅಮೆರಿಕದ ಯುವಜನರಲ್ಲಿ ಹಬ್ಬಿತು. ಅಭ್ಯಾಸ ಮತ್ತು ಶಿಸ್ತಿನಿಂದ ಕಟ್ಟಿದ ಸಂಗೀತಕ್ಕೆ ಇದು ಅವಮಾನವೆಂದು ಅವರು ಮತ್ತೆ ಮತ್ತೆ ಹೇಳಬೇಕಾಯಿತು.

ಹಾರಲಾರದ ಹಕ್ಕಿ

ಈ ಹಾಡಿನ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬಿಡುಗಡೆಗಿಂತ ಹಿಂದಿನದು. 1966ರ ಆರಂಭದಲ್ಲಿ ನ್ಯೂಯಾರ್ಕಿಗೆ ಹೊರಟಿದ್ದ ವಿಮಾನವನ್ನೇರಿದ ಜೀನ್ ಕ್ಲಾರ್ಕ್ ತೀವ್ರ ಭೀತಿಗೊಳಗಾಗಿ, ಅದು ಮೇಲೇರುವ ಮೊದಲೇ ಇಳಿದುಬಿಟ್ಟರು. ತಂಡ ಅವರನ್ನು ಬಿಟ್ಟು ಹಾರಿತು. ಅಲ್ಲಿಗೆ ತಂಡದಲ್ಲಿ ಅವರ ಸ್ಥಾನವೂ ಮುಗಿಯಿತು. ತಂಡದ ಹೆಸರು ಹಕ್ಕಿಗಳೆಂಬಂತೆ ಕೇಳಿಸುವುದರಿಂದ ಇದನ್ನು ಹಾಸ್ಯವಾಗಿ ಹೇಳುವವರಿದ್ದಾರೆ.

ನಾನು ಅವರನ್ನು ಪರೀಕ್ಷಿಸಿದವನಲ್ಲ. ದೂರದಿಂದ ರೋಗನಿರ್ಣಯ ಮಾಡುವುದು ನಮ್ಮ ವೃತ್ತಿಧರ್ಮಕ್ಕೆ ವಿರುದ್ಧ. ಇಷ್ಟು ಮಾತ್ರ ಹೇಳಬಲ್ಲೆ: ಹಠಾತ್ತನೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇ ಹೋಗುತ್ತೇನೆನಿಸುವ ಭೀತಿಯ ಆಘಾತವನ್ನು ಪ್ರತ್ಯೇಕ ಕಾಯಿಲೆಯಾಗಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ ಗುರುತಿಸಿದ್ದು 1980ರಲ್ಲಿ. 1966ರಲ್ಲಿ ಅದು ಹೇಡಿತನವೆಂದೋ ಗೀಳೆಂದೋ ಕಾಣಿಸುವ ಸಂಭವವೇ ಹೆಚ್ಚು. ಮೋಡಗಳ ಮೇಲಿನ ಎತ್ತರವನ್ನು ಹಾಡಾಗಿಸಿದ ವ್ಯಕ್ತಿಗೆ ವಿಮಾನ ಏರುವುದೇ ಕಷ್ಟವಾಗಿತ್ತು. ಇದನ್ನರಿತ ಮೇಲೆ ಆ ಹಾಡಿನ ಎತ್ತರ ನನಗೆ ಬರಿಯ ಉಲ್ಲಾಸವಾಗಿ ಕೇಳಿಸುವುದಿಲ್ಲ. ಅಂಚಿನಲ್ಲಿ ಅಂಜಿಕೆಯೂ ಕೇಳಿಸುತ್ತದೆ. ಕ್ಲಾರ್ಕ್ 1991ರ ಮೇ ತಿಂಗಳಲ್ಲಿ, 46ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅನಂತರದ ಬದುಕು

ಹಾಡು 1966ರ ಜುಲೈನಲ್ಲಿ 'ಫಿಫ್ತ್ ಡೈಮೆನ್ಶನ್' ಸಂಪುಟದಲ್ಲಿ ಸೇರಿತು. 1970ರ ಸಂಪುಟವೊಂದರಲ್ಲಿ ತಂಡವೇ ಅದನ್ನು ವೇದಿಕೆಯ ಮೇಲೆ ಸುಮಾರು 16 ನಿಮಿಷ ಬೆಳೆಸಿ ನುಡಿಸಿತು. ಹಾಲೆಂಡಿನ ಗೋಲ್ಡನ್ ಇಯರಿಂಗ್ ತಂಡ 1969ರಲ್ಲೂ ಅಮೆರಿಕದ ಹಸ್ಕರ್ ಡೂ ತಂಡ 1984ರಲ್ಲೂ ತಮ್ಮದೇ ರೀತಿಯಲ್ಲಿ ಹಾಡಿದವು. 1999ರಲ್ಲಿ ಅದು ಗ್ರ್ಯಾಮಿ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರವಾಯಿತು. ಸೈಕೆಡೆಲಿಕ್ ರಾಕ್ ಪ್ರಕಾರದ ಮೊದಲ ಮುದ್ರಿಕೆಗಳಲ್ಲೊಂದೆಂದು ಇತಿಹಾಸಕಾರರು ಈಗ ಅದನ್ನು ಎಣಿಸುತ್ತಾರೆ. ಒಮ್ಮೆ ಆರೋಪವಾಗಿದ್ದುದು ಈಗ ಪ್ರಕಾರದ ಹೆಸರಾಗಿದೆ.

ಆಸಕ್ತರು ಮೊದಲು ಕೋಲ್ಟ್ರೇನ್ ಅವರ 'ಇಂಡಿಯಾ' ಕೇಳಿ, ಬಳಿಕ ಈ ಹಾಡಿನ ಎರಡು ಮುದ್ರಣಗಳನ್ನು ಕಾಲಕ್ರಮದಲ್ಲಿ ಕೇಳಬಹುದು. ನಾಲ್ಕು ಸ್ವರಗಳು ಒಬ್ಬರ ಉಸಿರಿನಿಂದ ಇನ್ನೊಬ್ಬರ ಬೆರಳಿಗೆ ದಾಟಿದ ಪರಿ ಆಗ ಸ್ಪಷ್ಟವಾಗುತ್ತದೆ. ಪದಗಳನ್ನು ಕೇಳುವಾಗ ನಾವು ಒಬ್ಬೊಬ್ಬರೂ ಮೊದಲ ಸಲ ಈ ನಾಡಿನಲ್ಲಿ ಇಳಿದ ದಿನವನ್ನು ನೆನೆದುಕೊಂಡರೆ ಸಾಕು. ಹೊರಗಿನ ವಿವರಣೆ ಹೆಚ್ಚೇನೂ ಬೇಕಾಗದು. ನಾನು ಇಳಿದ ದಿನವೂ ಮಳೆಯಿತ್ತು.